ಅರ್ಧ ಗಂಟೆ ಡಂಬಲ್ಸ್, ಅರ್ಧ ಗಂಟೆ ನಡಿಗೆ

ಅಣ್ಣ ಹೋಗಿದ್ದು 2022ರ ಡಿಸೆಂಬರ್‌ನಲ್ಲಿ. ಅವನಿಗೆ ಆಗ 51 ವರ್ಷ. ಮೂರು ದಿನದಿಂದ ಎದೆ ಉರಿ ಅನ್ನುತ್ತಿದ್ದ. ಗ್ಯಾಸ್ ಇರಬೇಕು ಅಂತ ಅತ್ತಿಗೆ ಜೀರಿಗೆ ಕಷಾಯ ಮಾಡಿಕೊಟ್ಟರು. ನಾಲ್ಕನೇ ದಿನ ಬೆಳಗಿನ ಜಾವ ಬಚ್ಚಲುಮನೆಯಲ್ಲಿ ಬಿದ್ದ. ಊರಿನಿಂದ ಹಾಸನಕ್ಕೆ ಕರೆತರುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಅಣ್ಣ ದಪ್ಪ ಇರಲಿಲ್ಲ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ಮನೆಯಲ್ಲಿ ದಪ್ಪ ಇದ್ದವಳು ನಾನು. ಹನ್ನೊಂದನೇ ದಿನದ ಕಾರ್ಯಕ್ಕೆ ಬಂದಿದ್ದ ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡರು. "ನೀನು ಹುಷಾರು ಕಣೇ. ಅವನಿಗೇ ಹಿಂಗಾಯ್ತು ಅಂದ್ರೆ..." ಅಂದವರು ಅರ್ಧಕ್ಕೇ ನಿಲ್ಲಿಸಿದರು. ಆ ಉಳಿದರ್ಧ ಮಾತು ತುಂಬಾ ದಿನ ನನ್ನ ಕಿವಿಯಲ್ಲೇ ಇತ್ತು.

ನಾನು ಹಾಸನದಲ್ಲಿ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ಬೆಳಿಗ್ಗೆ ಹತ್ತಕ್ಕೆ ಕುರ್ಚಿಯಲ್ಲಿ ಕೂತರೆ ಸಂಜೆ ಐದೂವರೆಗೆ ಏಳುವುದು. ಆಗ ನನಗೆ 45 ವರ್ಷ. ಏನೇ ಆದರೂ ಬರೆದಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಹಾಗಾಗಿ 2023ರ ಜನವರಿಯಿಂದ ನನ್ನ ದೇಹದ ಲೆಕ್ಕವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಬಂದೆ. ಈ ಬರಹದ ಅಂಕಿಗಳೆಲ್ಲ ಆ ಪುಸ್ತಕದವು.

ಮೊದಲ ಪುಟ ಹೀಗಿದೆ. ಎತ್ತರ 156 ಸೆಂಟಿಮೀಟರ್, ತೂಕ 84 ಕೆಜಿ. ಎತ್ತರಕ್ಕೆ ತಕ್ಕಷ್ಟು ತೂಕ ಇದೆಯಾ ಅಂತ ಹೇಳುವ ಬಿಎಂಐ 34.5. ಸೊಂಟದ ಸುತ್ತಳತೆ 104 ಸೆಂಟಿಮೀಟರ್. ಬಿಪಿ 146/92. ಖಾಲಿ ಹೊಟ್ಟೆಯ ಸಕ್ಕರೆ 112. ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಎಚ್‌ಬಿಎ1ಸಿ 6.1. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 148. ಸುಮ್ನೆ ಕೂತಿದ್ದಾಗ ನಾಡಿ ನಿಮಿಷಕ್ಕೆ 88.

ನಾನು ಹೋದದ್ದು ಒಬ್ಬ ಹಿರಿಯ ಫಿಜಿಷಿಯನ್ ಹತ್ತಿರ. ಅಣ್ಣನ ವಿಷಯ ಹೇಳುವಾಗ ಅಳು ಬಂತು. ಅವರು ಅವಸರ ಮಾಡಲಿಲ್ಲ. ಅಣ್ಣ ತೆಳ್ಳಗಿದ್ದ, ಆದರೂ ಯಾಕೆ ಹೀಗಾಯಿತು ಅಂತ ಕೇಳಿದೆ. ಅವರು ಪುಣೆಯ ಡಾ. ಯಾಜ್ಞಿಕ್ ಅವರ ಕಥೆ ಹೇಳಿದರು. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಯಾಜ್ಞಿಕ್ ತಮ್ಮ ಫೋಟೋ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ ಫೋಟೋ ಪಕ್ಕಪಕ್ಕ ಹಾಕಿದ್ದರಂತೆ. ಇಬ್ಬರ ಬಿಎಂಐ ಒಂದೇ, 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2. ನೋಡಲು ಸಣ್ಣಗಿದ್ದರೂ ನಮ್ಮವರಲ್ಲಿ ಒಳಗೆ ಕೊಬ್ಬು ಜಾಸ್ತಿ, ಮಾಂಸಖಂಡ ಕಡಿಮೆ. ಅದಕ್ಕೇ ನಮ್ಮಲ್ಲಿ ಬಿಎಂಐ 25 ದಾಟಿದರೆ ಬೊಜ್ಜು ಅಂತಲೇ ಲೆಕ್ಕ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು.

ಅಣ್ಣನ ಸೊಂಟವನ್ನು ಯಾರೂ ಯಾವತ್ತೂ ಅಳೆದಿರಲಿಲ್ಲ.

ಇಸಿಜಿ, ಎಕೋ ಎರಡೂ ಸರಿ ಇದ್ದವು. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ನಾಲ್ಕೂವರೆ ನಿಮಿಷಕ್ಕೇ ಏದುಸಿರು ಬಂದು ನಿಲ್ಲಿಸಬೇಕಾಯಿತು. ರಕ್ತನಾಳ ಕಟ್ಟಿದ ಸೂಚನೆ ಏನೂ ಕಾಣಲಿಲ್ಲ. ಆದರೆ ದಮ್ಮು ಇಲ್ಲ ಅಂದರು. ಬಿಪಿಗೆ ಟೆಲ್ಮಿಸಾರ್ಟನ್ 40 ಎಂಜಿ ಮಾತ್ರೆ ಶುರು ಮಾಡಿದರು. ಆಮೇಲೆ ಎಲ್ಲ ಡಾಕ್ಟರೂ ಹೇಳುವ ಮಾತು ಹೇಳಿದರು: ದಿನಾ ನಡೀರಿ.

ನಡೆಯುವುದೇ ನನಗೆ ಕಷ್ಟ ಇತ್ತು. ಮಂಡಿ ನೋವು. ಮಹಾರಾಜ ಪಾರ್ಕ್‌ನಲ್ಲಿ ಒಂದು ಸುತ್ತು ಹೋಗುವಷ್ಟರಲ್ಲಿ ಬಲಮಂಡಿ ಊದಿಕೊಳ್ಳುತ್ತಿತ್ತು. ಒಂದು ವಾರ ನಡೆದೆ, ಎರಡು ವಾರ ಮಲಗಿದೆ. ದಪ್ಪ ಇರುವವರಿಗೆ "ವಾಕಿಂಗ್ ಮಾಡಿ" ಅಂತ ಹೇಳುವುದು ಸುಲಭ. ಆ ಭಾರ ಹೊತ್ತು ಮಂಡಿ ಮಡಚುವುದು ಏನು ಅಂತ ನಡೆಯುವವರಿಗೇ ಗೊತ್ತು. ಕೊನೆಗೆ ಡಾಕ್ಟರನ್ನು ಕೇಳಿದೆ: ಕೂತುಕೊಂಡು, ನಿಂತುಕೊಂಡು ಮಾಡುವಂಥದ್ದು ಏನಾದರೂ ಇದೆಯಾ? ತೂಕ ಎತ್ತುವ ವ್ಯಾಯಾಮ ಮಾಡಬಹುದು ಅಂದರು. ಬಿಪಿ 180/110 ದಾಟಿದ ದಿನ ಡಂಬಲ್ಸ್ ಮುಟ್ಟಬೇಡಿ, ಎದೆ ಹಿಡಿದ ಹಾಗೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ ಅಂತ ಎರಡು ಎಚ್ಚರಿಕೆ ಕೊಟ್ಟರು.

ಮನೆಯಲ್ಲಿ ಹೇಳಿದಾಗ ನಮ್ಮ ಮನೆಯವರು ಒಪ್ಪಲಿಲ್ಲ. ಅವರ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. 2021ರ ಅಕ್ಟೋಬರ್ 29ರಂದು ಅಪ್ಪು ಹೋದರು. 46 ವರ್ಷಕ್ಕೆ. ಅಷ್ಟು ಗಟ್ಟಿಮುಟ್ಟಾದ ಮನುಷ್ಯ. ಅವತ್ತು ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಅವತ್ತಿನಿಂದ ಜಿಮ್ ಅಂದರೆ ನಮ್ಮ ಕಡೆ ಜನರಿಗೆ ಎದೆ ಝಲ್ ಅನ್ನುತ್ತೆ. "ನಿನ್ನಣ್ಣನ ಕಾರ್ಯ ಆಗಿ ಮೂರು ತಿಂಗಳೂ ಆಗಿಲ್ಲ, ಜಿಮ್ ಅಂತೀಯಲ್ಲ" ಅಂದರು. ಡಾಕ್ಟರು ಅವರನ್ನೂ ಕರೆಸಿ ನನ್ನ ಎಕೋ, ಟ್ರೆಡ್‌ಮಿಲ್ ರಿಪೋರ್ಟ್ ತೋರಿಸಿ ವಿವರಿಸಿದ ಮೇಲೆ ಸುಮ್ಮನಾದರು.

ಮೊದಲು ಸೇರಿದ ಜಿಮ್ ನನಗೆ ಆಗಿಬರಲಿಲ್ಲ. ಹೆಸರು ಬೇಡ. ಮೂರನೇ ದಿನಕ್ಕೇ ಅಲ್ಲಿನ ಹುಡುಗ ನನ್ನ ಹೆಗಲ ಮೇಲೆ ರಾಡ್ ಇಟ್ಟು ಕೂತು ಏಳಿ ಅಂದ. ನಾಲ್ಕನೇ ಸಲ ಏಳುವಾಗ ಉಸಿರು ಬಿಗಿ ಹಿಡಿದಿದ್ದೆ. ಕಣ್ಣು ಕತ್ತಲೆ ಬಂತು. ಅಲ್ಲೇ ನೆಲದ ಮೇಲೆ ಕೂತೆ. "ಮೊದಮೊದಲು ಹಂಗೇ ಆಗುತ್ತೆ ಆಂಟಿ" ಅಂದ ಅವನು. ನನ್ನ ಬಿಪಿ ಎಷ್ಟು, ಮಾತ್ರೆ ತಗೊಳ್ತೀನಾ, ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇದೆಯಾ ಅಂತ ಆ ಮೂರು ದಿನದಲ್ಲಿ ಒಬ್ಬರೂ ಕೇಳಿರಲಿಲ್ಲ. ಆರು ತಿಂಗಳ ಫೀಸು ಹೋಯಿತು. ಮತ್ತೆ ಆ ಕಡೆ ಹೋಗಲಿಲ್ಲ.

ಆ ಉಸಿರಿನ ವಿಷಯ ಸಣ್ಣದಲ್ಲ ಅಂತ ಆಮೇಲೆ ತಿಳಿಯಿತು. 1985ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಭಾರ ಎತ್ತಿ ಮೈ ಬೆಳೆಸಿದ ದೇಹದಾರ್ಢ್ಯ ಪಟುಗಳ ಕೈಯ ರಕ್ತನಾಳಕ್ಕೇ ನಳಿಕೆ ಹಾಕಿ ಬಿಪಿ ನೋಡಿದ್ದರು. ಎರಡೂ ಕಾಲಿನಿಂದ ದೊಡ್ಡ ಭಾರ ತಳ್ಳುವಾಗ ಸರಾಸರಿ 320/250 ಬಂತು. ಒಬ್ಬರಲ್ಲಂತೂ 480/350ಕ್ಕೆ ಹೋಗಿತ್ತು. ಅದು ಆ ಕೆಲವೇ ಕ್ಷಣ. ಭಾರ ಇಳಿಸಿದ ಕೂಡಲೇ ಬಿಪಿಯೂ ಇಳಿಯುತ್ತೆ. ಆದರೆ ಮೊದಲೇ ಬಿಪಿ ಇರುವವರು, ಶಕ್ತಿ ಮೀರಿದ ತೂಕಕ್ಕೆ ಕೈ ಹಾಕಿ, ಉಸಿರು ಕಟ್ಟಿ ಮುಕ್ಕಿದರೆ ಏನಾಗಬಹುದು ಅಂತ ಆ ಅಂಕಿ ನೋಡಿದರೇ ಗೊತ್ತಾಗುತ್ತೆ ಅಲ್ವಾ?

ಮಾರ್ಚ್‌ನಲ್ಲಿ ಮನೆ ಹತ್ತಿರ ಒಂದು ಸಣ್ಣ ಸೆಂಟರ್ ಸಿಕ್ಕಿತು. ಫಿಸಿಯೋಥೆರಪಿ ಓದಿದ ಹುಡುಗಿ ನಡೆಸುವ ಜಾಗ. ಎರಡು ಮಷೀನು, ಒಂದು ಸೈಕಲ್, ಒಂದಿಷ್ಟು ಡಂಬಲ್ಸ್, ರಬ್ಬರ್ ಬ್ಯಾಂಡುಗಳು. ಅವಳು ಮೊದಲ ದಿನ ಭಾರವನ್ನೇ ಕೊಡಲಿಲ್ಲ. ಬಿಪಿ ನೋಡಿದಳು, ಮಾತ್ರೆ ಚೀಟಿ ನೋಡಿದಳು, ಒಂದು ಕುರ್ಚಿ ಹಾಕಿ "ಕೈ ಊರದೆ ಎದ್ದೇಳಿ ಮೇಡಂ" ಅಂದಳು. ನನಗೆ ಆಗಲಿಲ್ಲ. ತೊಡೆ ನಡುಗಿತು, ಕೈ ತಾನಾಗಿ ಕುರ್ಚಿ ಹಿಡಿಯಿತು. ಅವಳು ಕುರ್ಚಿಯ ಮೇಲೆ ಎರಡು ದಿಂಬು ಇಟ್ಟು ಎತ್ತರ ಮಾಡಿದಳು. ಆಗ ಎದ್ದೆ. "ನಿಮ್ಮ ಮಂಡಿ ನೋಯೋದಕ್ಕೆ ಇದೂ ಒಂದು ಕಾರಣ. ತೊಡೆ ಹೊರಬೇಕಾದ ಭಾರಾನ ಮಂಡಿ ಹೊರ್ತಾ ಇದೆ" ಅಂದಳು.

ಸೋಮವಾರ, ಬುಧವಾರ, ಶುಕ್ರವಾರ. ಬೆಳಿಗ್ಗೆ ಆರರಿಂದ ಏಳು. ಮಧ್ಯೆ ಒಂದೊಂದು ದಿನ ಬಿಡುವು, ಮಾಂಸಖಂಡ ಸುಧಾರಿಸಿಕೊಳ್ಳಲಿ ಅಂತ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಊರಿ ಪುಷ್‌ಅಪ್, ಬ್ಯಾಂಡ್ ಎಳೆಯುವುದು, ಕಾಲಿನಿಂದ ತಳ್ಳುವ ಲೆಗ್ ಪ್ರೆಸ್, ಮೇಲಿನಿಂದ ಎದೆಗೆ ಎಳೆಯುವ ಮಷೀನು, ನೆಲದಿಂದ ಡಂಬಲ್ಸ್ ಎತ್ತುವುದು. ಒಂದೊಂದನ್ನೂ 10ರಿಂದ 12 ಸಲ, ಎರಡೆರಡು ಸೆಟ್. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು, ಆದರೆ ಉಸಿರು ಕಟ್ಟಬಾರದು. ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ನಾನು ಮರೆತಾಗಲೆಲ್ಲ ಅವಳು ಜೋರಾಗಿ "ಉಸಿರು!" ಅನ್ನುತ್ತಿದ್ದಳು. ಎರಡು ವಾರ ಬಿಡದೆ 12 ಸಲ ಸುಲಭವಾಗಿ ಆದರೆ ಮಾತ್ರ ತೂಕ ಏರಿಸುತ್ತಿದ್ದಳು. ಅದೂ ಡಂಬಲ್ಸ್‌ನಲ್ಲಾದರೆ ಒಂದೇ ಒಂದು ಕೆಜಿ.

ಏಪ್ರಿಲ್‌ನಲ್ಲಿ ಒಂದು ರಾತ್ರಿ ಎಡ ಭುಜ, ಎದೆಯ ಮೇಲ್ಭಾಗ ನೋವು ಶುರುವಾಯಿತು. ಅಣ್ಣನ ನೆನಪಾಗಿ ಮೈ ತಣ್ಣಗಾಯಿತು. ಹನ್ನೊಂದು ಗಂಟೆಗೆ ಆಸ್ಪತ್ರೆಗೆ ಹೋದೆವು. ಇಸಿಜಿ ಮಾಡಿದರು, ರಕ್ತ ಪರೀಕ್ಷೆ ಮಾಡಿದರು. ಏನೂ ಇರಲಿಲ್ಲ. ಹಿಂದಿನ ದಿನ ಮೊದಲ ಸಲ ಎದೆಯ ವ್ಯಾಯಾಮಕ್ಕೆ ಡಂಬಲ್ಸ್ ಹಿಡಿದಿದ್ದೆ, ಅದರ ನೋವು. ಒತ್ತಿದರೆ ಜಾಸ್ತಿ ಆಗುವ, ಕೈ ತಿರುಗಿಸಿದರೆ ಏರುವ ನೋವು ಸಾಮಾನ್ಯವಾಗಿ ಮಾಂಸಖಂಡದ್ದು ಅಂತ ಡ್ಯೂಟಿ ಡಾಕ್ಟರ್ ಹೇಳಿದರು. ಹೃದಯದ್ದಾದರೆ ಎದೆ ಮೇಲೆ ಭಾರ ಇಟ್ಟ ಹಾಗೆ, ಹಿಂಡಿದ ಹಾಗೆ ಇರುತ್ತೆ. ದವಡೆಗೆ, ತೋಳಿಗೆ, ಬೆನ್ನಿಗೆ ಹರಡಬಹುದು. ಬೆವರು ಬರಬಹುದು. ಹೆಂಗಸರಲ್ಲಿ ಕೆಲವೊಮ್ಮೆ ವಾಕರಿಕೆ, ಸುಸ್ತು, ಉಸಿರಾಟದ ತೊಂದರೆ ಇಷ್ಟೇ ಕಾಣಬಹುದು. "ಇಷ್ಟೆಲ್ಲಾ ಹೇಳಿದೆ ಅಂತ ನೀವೇ ತೀರ್ಮಾನ ಮಾಡ್ಕೋಬೇಡಿ. ಅನುಮಾನ ಬಂದ್ರೆ ಹಿಂಗೇ ಬನ್ನಿ" ಅಂದರು. ಆ ಡಾಕ್ಟರಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಸುಮ್ಮನೆ ಹೆದರಿ ಬಂದವಳು ಅಂತ ಅವರು ನನ್ನನ್ನು ಕಡೆಗಣಿಸಲಿಲ್ಲ.

ಊಟದ ಬಗ್ಗೆ ಜಾಸ್ತಿ ಬರೆಯಲ್ಲ. ಎರಡು ಮುದ್ದೆ ಇದ್ದದ್ದು ಒಂದಾಯಿತು, ಅನ್ನ ಒಂದು ಸೌಟಿಗೆ ಇಳಿಯಿತು. ಕಾಳಿನ ಸಾರು, ಉಸಲಿ, ಮೊಟ್ಟೆ, ಮೊಸರು ಜಾಸ್ತಿ ಆದವು. ಉಪ್ಪಿನಕಾಯಿ, ಹಪ್ಪಳ ಬಿಟ್ಟೆ. ಅಷ್ಟೇ.

ಆರು ತಿಂಗಳಿಗೆ ದಿಂಬಿಲ್ಲದೆ, ಕೈ ಊರದೆ ಕುರ್ಚಿಯಿಂದ ಎದ್ದೆ. ಅಡುಗೆ ಮನೆಯಲ್ಲಿ ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆಜಿ ಇರುತ್ತೆ. ಮುಂಚೆ ಅದನ್ನು ಉರುಳಿಸಲೂ ಮಗನನ್ನು ಕರೆಯುತ್ತಿದ್ದೆ. ಆ ವರ್ಷ ದೀಪಾವಳಿ ಹೊತ್ತಿಗೆ ಅದನ್ನು ನಾನೇ ಎತ್ತಿ ಒಲೆ ಕೆಳಗೆ ಇಟ್ಟೆ. ಆ ಖುಷಿ ಹೇಳತೀರದು. ಕೈಯಲ್ಲಿ ಬಲ ಇದೆ ಅನ್ನುವ ಭಾವನೆ ನನ್ನ ವಯಸ್ಸಿನ ಹೆಂಗಸಿಗೆ ಅಷ್ಟು ಸುಲಭವಾಗಿ ಸಿಗುವಂಥದ್ದಲ್ಲ. ಲೆಗ್ ಪ್ರೆಸ್ 20 ಕೆಜಿಯಿಂದ 70ಕ್ಕೆ ಬಂದಿತ್ತು.

ಅದೇ ಉತ್ಸಾಹದಲ್ಲಿ 2024ರ ಫೆಬ್ರವರಿಯಲ್ಲಿ ಎಲ್ಲಾ ಪರೀಕ್ಷೆ ಮತ್ತೆ ಮಾಡಿಸಿದೆ. ತೂಕ 80.5. ಸೊಂಟ 98. ಸೆಂಟರ್‌ನ ಮಷೀನಿನಲ್ಲಿ ದೇಹದ ಕೊಬ್ಬು ಶೇ 43 ಇದ್ದದ್ದು 40ಕ್ಕೆ ಇಳಿದಿತ್ತು. ಇಷ್ಟು ಚೆನ್ನಾಗಿತ್ತು. ಆದರೆ ಬಿಪಿ 136/86. ಮಾತ್ರೆ ಶುರು ಮಾಡಿದ ತಿಂಗಳಿಗೇ ಅಷ್ಟಕ್ಕೆ ಬಂದಿತ್ತು, ಅಲ್ಲಿಂದ ಒಂದಂಕಿಯೂ ಇಳಿದಿರಲಿಲ್ಲ. ಸಕ್ಕರೆ 108. ಎಚ್‌ಬಿಎ1ಸಿ 6.0. ಎಲ್‌ಡಿಎಲ್ 145. ನಾಡಿ 86.

ನೋಟ್‌ಬುಕ್‌ನ ಎರಡು ಪುಟ ಪಕ್ಕಪಕ್ಕ ಇಟ್ಟು ನೋಡಿದೆ. ಹನ್ನೊಂದು ತಿಂಗಳು. ಮಳೆ, ಚಳಿ ಅನ್ನದೆ ಬೆಳಿಗ್ಗೆ ಐದೂವರೆಗೆ ಎದ್ದು ಹೋಗಿದ್ದೆ. ಹೃದಯಕ್ಕೆ ಸಂಬಂಧಪಟ್ಟ ಅಂಕಿಗಳು ಕದಲಿರಲೇ ಇಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಡಾಕ್ಟರಿಗೆ ತೋರಿಸಿದಾಗ ಅವರಿಗೆ ಆಶ್ಚರ್ಯ ಆಗಲಿಲ್ಲ. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ, 2024ರ ಜನವರಿಯಲ್ಲಿ, ಯುರೋಪಿಯನ್ ಹಾರ್ಟ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂದಿತ್ತು. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ್ದು. ಕಾರ್ಡಿಯೋರೇಸ್ ಅಂತ ಹೆಸರು. 35ರಿಂದ 70 ವರ್ಷದೊಳಗಿನ 406 ಜನ. ಎಲ್ಲರಿಗೂ ತೂಕ ಜಾಸ್ತಿ ಅಥವಾ ಬೊಜ್ಜು, ಬಿಪಿಯೂ ಸ್ವಲ್ಪ ಏರಿದ್ದವರು. ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪು ತೂಕ ಎತ್ತುವುದು ಮಾತ್ರ. ಇನ್ನೊಂದು ನಡಿಗೆ, ಸೈಕಲ್ ಥರದ್ದು ಮಾತ್ರ. ಮೂರನೆಯದು ಎರಡೂ, ಅರ್ಧ ಗಂಟೆ ಅದು, ಅರ್ಧ ಗಂಟೆ ಇದು. ನಾಲ್ಕನೆಯ ಗುಂಪಿಗೆ ವ್ಯಾಯಾಮ ಮಾಡಿಸಲಿಲ್ಲ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ, ಒಂದು ವರ್ಷ. ಮೂರೂ ಗುಂಪಿಗೆ ಸಮಯ ಒಂದೇ.

ಬಿಪಿ, ಎಲ್‌ಡಿಎಲ್, ಖಾಲಿ ಹೊಟ್ಟೆಯ ಸಕ್ಕರೆ, ದೇಹದ ಕೊಬ್ಬು — ಈ ನಾಲ್ಕನ್ನೂ ಸೇರಿಸಿ ಒಂದೇ ಅಂಕ ಮಾಡಿ ಹೃದಯದ ಅಪಾಯ ಎಷ್ಟು ಅಂತ ನೋಡಿದರು. ನಡಿಗೆ, ಸೈಕಲ್ ಗುಂಪಿನಲ್ಲಿ ಅಪಾಯದ ಅಂಕ ಇಳಿದಿತ್ತು. ಎರಡೂ ಮಾಡಿದ ಗುಂಪಿನಲ್ಲೂ ಇಳಿದಿತ್ತು. ತೂಕ ಮಾತ್ರ ಎತ್ತಿದವರಿಗೂ ವ್ಯಾಯಾಮ ಇಲ್ಲದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ದೇಹದ ಕೊಬ್ಬು ಮೂರೂ ಗುಂಪಿನಲ್ಲಿ ಇಳಿದಿತ್ತು.

ನನ್ನ ನೋಟ್‌ಬುಕ್‌ನ ಎರಡು ಪುಟದಲ್ಲಿ ಇದ್ದದ್ದೂ ಅದೇ. ಕೊಬ್ಬು ಇಳಿದಿದೆ, ಉಳಿದದ್ದು ನಿಂತಲ್ಲೇ ನಿಂತಿದೆ.

"ಹಾಗಾದ್ರೆ ಇಷ್ಟು ದಿನ ಮಾಡಿದ್ದು ದಂಡಾನಾ ಡಾಕ್ಟ್ರೇ?" ಅಂತ ಕೇಳಿದೆ.

"ಯಾರಮ್ಮ ಹಂಗಂದಿದ್ದು? ಈಗ ಎಷ್ಟು ದೂರ ನಡೀತೀರಿ?" ಅಂದರು.

ಯೋಚನೆ ಮಾಡಿದೆ. ಸೆಂಟರ್‌ಗೆ ನಡೆದೇ ಹೋಗುತ್ತಿದ್ದೆ, ನಡೆದೇ ಬರುತ್ತಿದ್ದೆ. ಮಂಡಿ ಊದಿ ತಿಂಗಳುಗಳೇ ಆಗಿದ್ದವು. ಅದನ್ನು ನಾನು ನೋಟ್‌ಬುಕ್‌ನಲ್ಲಿ ಬರೆದೇ ಇರಲಿಲ್ಲ.

ಅವರು ಬಿಡಿಸಿ ಹೇಳಿದರು. ನಾವು ತಿಂದ ಊಟದ ಸಕ್ಕರೆಯಲ್ಲಿ ದೊಡ್ಡ ಪಾಲು ಹೋಗಿ ಸೇರುವುದು ಮಾಂಸಖಂಡಕ್ಕೆ. ಮಾಂಸಖಂಡ ಇಲ್ಲದಿದ್ದರೆ ಅದಕ್ಕೆ ಜಾಗ ಇಲ್ಲ. ಬರೀ ಪಥ್ಯ ಮಾಡಿ ತೂಕ ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತೆ. ತೂಕ ಎತ್ತಿದರೆ ಅದು ಉಳಿಯುತ್ತೆ. ಆದರೆ ಹೃದಯ ಒಂದೊಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳುವುದನ್ನು ಕಲಿಯುವುದು, ರಕ್ತನಾಳದ ಒಳಪದರ ಸಡಿಲವಾಗಿ ಹಿಗ್ಗುವುದನ್ನು ಕಲಿಯುವುದು ಬಿಡದೆ ನಡೆದಾಗ, ಸೈಕಲ್ ತುಳಿದಾಗ. ನನ್ನ ತೊಡೆ ಕಲಿತಿತ್ತು, ಹೃದಯಕ್ಕೆ ಇನ್ನೂ ಪಾಠ ಶುರುವಾಗಿರಲಿಲ್ಲ. ಆ ಅಧ್ಯಯನದಲ್ಲೂ ದಮ್ಮು ಮತ್ತು ಮೈಬಲ ಎರಡೂ ಏರಿದ್ದು ಎರಡನ್ನೂ ಮಾಡಿದವರಲ್ಲಿ.

ಇನ್ನೊಂದು ವಿಷಯವನ್ನೂ ಹೇಳಿದರು. 2023ರ ಡಿಸೆಂಬರ್‌ನಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ತೂಕ ಎತ್ತುವ ವ್ಯಾಯಾಮದ ಬಗ್ಗೆ ಒಂದು ಹೇಳಿಕೆ ಹೊರತಂದಿತ್ತು. ಅಂಥ ವ್ಯಾಯಾಮ ಮಾಡುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಸುಮಾರು ಶೇ 17ರಷ್ಟು ಕಡಿಮೆ ಅಂತ ಅದರಲ್ಲಿದೆ. ವಾರಕ್ಕೆ ಒಟ್ಟು 30ರಿಂದ 60 ನಿಮಿಷ ಮಾಡಿದರೇ ಬಹುಪಾಲು ಲಾಭ. ನಾನು ವಾರಕ್ಕೆ 180 ನಿಮಿಷ ಅದೊಂದನ್ನೇ ಮಾಡುತ್ತಿದ್ದೆ. "ಅದರಲ್ಲಿ ಅರ್ಧ ತೆಗೆದು ನಡಿಗೆಗೆ ಕೊಡಿ. ಸಮಯ ಜಾಸ್ತಿ ಮಾಡಬೇಡಿ. ಬಿಪಿ ಮಾತ್ರೆನೂ ಈಗ ಏರಿಸಲ್ಲ, ಮೂರು ತಿಂಗಳು ನೋಡೋಣ" ಅಂದರು.

ಈ ಮಾತು ನನಗೆ ತುಂಬಾ ಹಿಡಿಸಿತು. ಕೆಲಸಕ್ಕೆ ಹೋಗುವ ಹೆಂಗಸಿಗೆ ಬೆಳಿಗ್ಗೆ ಇನ್ನೊಂದು ಗಂಟೆ ಎಲ್ಲಿಂದ ಬರಬೇಕು? ಇದ್ದ ಒಂದು ಗಂಟೆಯನ್ನೇ ಎರಡು ಪಾಲು ಮಾಡು ಅಂದರೆ ಅದು ಆಗುವ ಮಾತು.

ಫಿಸಿಯೋ ಹುಡುಗಿಯ ಜೊತೆ ಕೂತು ಮತ್ತೆ ಲೆಕ್ಕ ಹಾಕಿದೆವು. ಡಂಬಲ್ಸ್ ಮತ್ತು ಮಷೀನಿನದು ಅರ್ಧ ಗಂಟೆ. ಮೈಯ ದೊಡ್ಡ ಮಾಂಸಖಂಡಗಳಿಗೆ ಸಂಬಂಧಪಟ್ಟ ಆರು ವ್ಯಾಯಾಮ ಉಳಿಸಿಕೊಂಡೆವು. ತೋಳಿನ ಸಣ್ಣಪುಟ್ಟವು ಹೋದವು. ಆಮೇಲಿನ ಅರ್ಧ ಗಂಟೆ ಮೊದಲು ಸೈಕಲ್. ಹತ್ತು ನಿಮಿಷ ನಿಧಾನ, ಎರಡು ನಿಮಿಷ ಬಿಡುವು, ಮತ್ತೆ ಹತ್ತು ನಿಮಿಷ. ಎಷ್ಟು ಜೋರು ಅಂತ ಗೊತ್ತಾಗಲು ಅವಳ ಅಳತೆ ಸುಲಭ: ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಎರಡು ತಿಂಗಳ ಮೇಲೆ ಸೈಕಲ್ ಬಿಟ್ಟು ಜಿಲ್ಲಾ ಕ್ರೀಡಾಂಗಣಕ್ಕೆ ಹೋದೆ. ಮಹಾರಾಜ ಪಾರ್ಕ್‌ನಲ್ಲಿ ಒಂದು ಸುತ್ತಿಗೆ ಸೋತಿದ್ದ ಕಾಲು ಅರ್ಧ ಗಂಟೆ ಬಿಡದೆ ನಡೆಯಿತು. ಅವತ್ತು ನನಗೆ ಅರ್ಥವಾಯಿತು, ಆ ಹನ್ನೊಂದು ತಿಂಗಳು ಎಲ್ಲಿಗೆ ಹೋಗಿತ್ತು ಅಂತ. ತೊಡೆಯಲ್ಲಿ ಬಲ ಬಂದಿರದಿದ್ದರೆ ನಾನು ಈ ನಡಿಗೆಗೆ ಬರುತ್ತಲೇ ಇರಲಿಲ್ಲ.

ಅದಕ್ಕೇ ಯಾರಾದರೂ ದಪ್ಪ ಇರುವವರು ಮಂಡಿ ನೋವು ಅಂತ ನನ್ನನ್ನು ಕೇಳಿದರೆ, ಮೊದಲು ಕುರ್ಚಿಯಿಂದ ಎದ್ದು ಕೂರುವುದನ್ನು ಕಲಿಯಿರಿ ಅನ್ನುತ್ತೇನೆ. ನಡಿಗೆ ಆಮೇಲೆ ಬರಲಿ. ಆದರೆ ಬರಲೇಬೇಕು.

ಭಾನುವಾರ ಮತ್ತು ಗುರುವಾರ ಅರ್ಧರ್ಧ ಗಂಟೆ ಬರೀ ನಡಿಗೆ ಸೇರಿಸಿಕೊಂಡೆ, ಅದು ಡಾಕ್ಟರು ಹೇಳಿದ್ದಲ್ಲ, ನನಗೇ ಬೇಕು ಅನ್ನಿಸಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಇಂಥ ನಡಿಗೆ, ಜೊತೆಗೆ ಎರಡು ದಿನ ಮೈಬಲದ ವ್ಯಾಯಾಮ. ಹೀಗೆ ಸೇರಿಸಿದ ಮೇಲೆ ಆ ಲೆಕ್ಕವೂ ಸರಿಯಾಯಿತು.

ಮೂರು ತಿಂಗಳಿಗೆ ಬಿಪಿ 130/82. ಮಾತ್ರೆ ಅದೇ, ಅಷ್ಟೇ. ಆ ವರ್ಷ ಹಾಸನಾಂಬೆ ಬಾಗಿಲು ತೆಗೆದಾಗ ಸರತಿಯಲ್ಲಿ ಐದು ಗಂಟೆ ನಿಂತೆ. 2022ರಲ್ಲಿ ಅಣ್ಣನ ಜೊತೆ ಬಂದಿದ್ದಾಗ ಒಂದು ಗಂಟೆಗೇ ಕಾಲು ಸೋತು ವಾಪಸ್ ಹೋಗಿದ್ದೆ. ಅಣ್ಣ ಒಬ್ಬನೇ ನಿಂತು ದರ್ಶನ ಮಾಡಿ ನನಗೆ ಹೂವು ತಂದುಕೊಟ್ಟಿದ್ದ. ಈ ಸಲ ಗರ್ಭಗುಡಿ ಮುಂದೆ ಏನು ಕೇಳಿಕೊಳ್ಳಬೇಕೋ ತೋಚಲಿಲ್ಲ. ಸುಮ್ನೆ ಕೈ ಮುಗಿದು ಬಂದೆ.

2025ರ ಮಾರ್ಚ್‌ನ ಪುಟ: ತೂಕ 76. ಸೊಂಟ 91. ಬಿಪಿ 122/78. ಸಕ್ಕರೆ 97. ಎಚ್‌ಬಿಎ1ಸಿ 5.6. ನಾಡಿ 70. ಟ್ರೆಡ್‌ಮಿಲ್ ಮೇಲೆ ಎಂಟು ನಿಮಿಷ ದಾಟಿದೆ. ಎಲ್‌ಡಿಎಲ್ 132. ಅದು ಮಾತ್ರ ಅಷ್ಟಾಗಿ ಇಳಿಯಲಿಲ್ಲ. ವ್ಯಾಯಾಮದಿಂದ ಎಲ್‌ಡಿಎಲ್ ಇಳಿಯುವುದು ಸ್ವಲ್ಪವೇ, ಮನೆತನದಲ್ಲಿ ಹೃದಯದ ಕಾಯಿಲೆ ಇದೆ, ಕಾಯುವುದು ಬೇಡ ಅಂತ ಡಾಕ್ಟರು ರೋಸುವಾಸ್ಟಾಟಿನ್ ಮಾತ್ರೆ ಶುರು ಮಾಡಿದರು. ನಾನು ಒಂದು ಮಾತೂ ಆಡದೆ ಒಪ್ಪಿದೆ. ಇಷ್ಟು ಕಷ್ಟಪಟ್ಟೂ ಮಾತ್ರೆ ಯಾಕೆ ಅಂತ ಕೆಲವರು ಕೇಳುತ್ತಾರೆ. ನನಗೆ ಬೇಕಾಗಿರುವುದು ನನ್ನ ರಕ್ತನಾಳ ಸರಿ ಇರುವುದು. ಅದಕ್ಕೆ ನಡಿಗೆಯೂ ಬೇಕು, ಡಂಬಲ್ಸೂ ಬೇಕು, ಮಾತ್ರೆಯೂ ಬೇಕು ಅಂದರೆ ಮೂರೂ ಇರಲಿ.

ಬಿಎಂಐ 31.2. ಅಂದರೆ ಇವತ್ತಿಗೂ ನಾನು ಬೊಜ್ಜಿನ ಲೆಕ್ಕದಲ್ಲೇ ಇದ್ದೇನೆ. ಮದುವೆ ಮನೆಯಲ್ಲಿ ನೋಡಿದವರಿಗೆ ನಾನು ಈಗಲೂ ದಪ್ಪಗಿರುವ ಹೆಂಗಸೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 30 ಜನ ಬಿಎಂಐ 25ರ ಮೇಲಿದ್ದಾರೆ. ಅವರಲ್ಲಿ ಎಷ್ಟೋ ಜನ ತೂಕದ ಮಷೀನು ನೋಡಿ ನೋಡಿ ಸಾಕಾಗಿ ವ್ಯಾಯಾಮ ಬಿಟ್ಟಿರುತ್ತಾರೆ. ಎರಡು ವರ್ಷದಲ್ಲಿ ಎಂಟೇ ಕೆಜಿ ಅಂತ ನಾನೂ ಬಿಟ್ಟಿದ್ದರೆ ಬಿಪಿ, ಸಕ್ಕರೆ, ನಾಡಿಯ ಲೆಕ್ಕ ಕಾಣುತ್ತಲೇ ಇರಲಿಲ್ಲ. ಒಳಗೆ ಆಗಿದ್ದು ಎಂಟು ಕೆಜಿಗಿಂತ ದೊಡ್ಡದು.

2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯ ಹೆಸರು ದಿನಾ ಟಿವಿಯಲ್ಲಿ ಬಂತು. ಹಾಸನದಲ್ಲಿ ಸಾಲುಸಾಲಾಗಿ ಹೃದಯಾಘಾತದ ಸಾವು ಅಂತ ಸುದ್ದಿ. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನಜಂಗುಳಿ. ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಹಾಸನದಲ್ಲಿ ವಿಪರೀತ ಅನ್ನುವಂಥ ಏರಿಕೆ ಇಲ್ಲ ಅಂತ ಸಮಿತಿ ಹೇಳಿತು. ತೀರಿಹೋದವರಲ್ಲಿ ಅನೇಕರಿಗೆ ಬಿಪಿ, ಸಕ್ಕರೆ, ಸಿಗರೇಟು, ಕುಡಿತ ಇಂಥ ಹಳೆಯ ಕಾರಣಗಳೇ ಇದ್ದವು. ಆದರೆ ಆ ಎರಡು ತಿಂಗಳು ಇಲ್ಲಿ ಬದುಕಿದವರಿಗೆ ಆ ಭಯ ಏನು ಅಂತ ಗೊತ್ತು. ನಮ್ಮ ಆಫೀಸಿನಲ್ಲಿ ಯಾರಿಗೆ ತೇಗು ಬಂದರೂ ಎಲ್ಲರೂ ತಿರುಗಿ ನೋಡುತ್ತಿದ್ದೆವು.

ಅದೇ ಜುಲೈನ ಒಂದು ರಾತ್ರಿ ಹತ್ತು ಗಂಟೆಗೆ ಅತ್ತಿಗೆ ಫೋನ್ ಮಾಡಿದರು. ಊರಿನಲ್ಲಿ ಅವರು, ಮಗಳು ಇಬ್ಬರೇ. "ಎದೆ ಹಿಡ್ಕೊಂಡಂಗೆ ಆಗ್ತಿದೆ ಕಣೇ. ಗ್ಯಾಸ್ ಇರ್ಬೇಕು" ಅಂದರು.

"ಅತ್ತಿಗೆ, ಕಷಾಯ ಗಿಷಾಯ ಏನೂ ಬೇಡ. ಈಗಲೇ ತಾಲೂಕು ಆಸ್ಪತ್ರೆಗೆ ಹೊರಡಿ. ನಾವು ಅಲ್ಲಿಗೇ ಬರ್ತೀವಿ" ಅಂದೆ.

ಅಪ್ಪು ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲೂಕು ಮಟ್ಟದಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತ ಅಂತಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಾವು ಹೋಗುವಷ್ಟರಲ್ಲಿ ಅತ್ತಿಗೆಯ ಇಸಿಜಿ ಆಗಿತ್ತು. ಏನೂ ಇರಲಿಲ್ಲ. ಬಿಪಿ ಮಾತ್ರ 160/98. ಅವರಿಗೆ ಬಿಪಿ ಇದೆ ಅಂತ ಗೊತ್ತಾಗಿದ್ದೇ ಆ ರಾತ್ರಿ.

ವಾಪಸ್ ಬರುವಾಗ ಕಾರಿನಲ್ಲಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವತ್ತೂ ನಾನು ಹಿಂಗೇ ಹೊರಡಿಸಿದ್ರೆ..." ಅಂದರು. ನಾನು ಅವರ ಕೈ ಹಿಡಿದುಕೊಂಡೆ. ಏನು ಹೇಳಲಿ? ನಮಗೆ ಆಗ ಯಾರಿಗೂ ಗೊತ್ತಿರಲಿಲ್ಲ ಅತ್ತಿಗೆ, ಅಂದೆ. ಅದು ನಿಜವೂ ಹೌದು.

ಬಿಪಿ ಮಾತ್ರೆ ಶುರುವಾಗಿ ಹತೋಟಿಗೆ ಬಂದ ಮೇಲೆ ಅವರನ್ನು ಹದಿನೈದು ದಿನ ನಮ್ಮ ಮನೆಯಲ್ಲಿ ಇಟ್ಟುಕೊಂಡೆ. ಸೋಮವಾರ ಬೆಳಿಗ್ಗೆ ಆರಕ್ಕೆ ಸೆಂಟರ್‌ಗೆ ಕರೆದುಕೊಂಡು ಹೋದೆ. ಸೀರೆಯಲ್ಲೇ ಬಂದಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಫಿಸಿಯೋ ಹುಡುಗಿ ಅವರ ಬಿಪಿ ನೋಡಿ, ಚೀಟಿ ನೋಡಿ, ಅದೇ ಕುರ್ಚಿ ಹಾಕಿದಳು. ಕೂರುವ ಜಾಗದಲ್ಲಿ ಎರಡು ದಿಂಬು ಇಟ್ಟಳು.

ಅತ್ತಿಗೆ ಹಲ್ಲು ಕಚ್ಚಿ, ಉಸಿರು ಬಿಗಿ ಹಿಡಿದು ಏಳಲು ಹೊರಟರು. ಹುಡುಗಿ ಬಾಯಿ ತೆರೆಯುವ ಮುಂಚೆಯೇ ನಾನು "ಉಸಿರು ಬಿಡಿ ಅತ್ತಿಗೆ, ಬಿಡ್ತಾ ಏಳಿ" ಅಂದೆ. ಅವರು ಬಾಯಿಂದ ಫೂ ಅಂತ ಉಸಿರು ಬಿಟ್ಟು ಎದ್ದು ನಿಂತರು.

"ಒಂದು" ಅಂತ ಎಣಿಸಿದೆ.